ಐದು ಹನಿ

ಅಪ್ಪ ಹುಟ್ಟುಗಿವುಡ. ಮಾತೆಲ್ಲ ಕೈಯಲ್ಲೇ.
ಉರುಗ್ವೆಯ ಪೈಸಂದು ಊರಿನ ದರ್ಜಿ, ಅನ್ಸೆಲ್ಮೊ.

ಮಾರ್ಚಿಯ ಒಂದು ಬೆಳಗ್ಗೆ ಮಿದುಳಿನ ಆಳದಲ್ಲೆಲ್ಲೋ
ಸಾಸಿವೆಯಷ್ಟು ಜಾಗಕ್ಕೆ ರಕ್ತ ನಿಂತಿತಂತೆ.
ಎಡಗೈ ತಾನಾಗಿ ಎದ್ದಿತು,
ಗಾಳಿಗೆ ಬಾರಿಸಿತು,
ಕತ್ತರಿಯನ್ನು ಕನ್ನಡಿಗೆ ಎಸೆಯಿತು.

ನಾನು ಓದಲು ನೋಡಿದೆ. ಬಿಡುವುದಾದರೂ ಹೇಗೆ?
ಒಮ್ಮೆ ‘ನದಿ’ ಅಂದಂತಾಯಿತು,
ಒಮ್ಮೆ ‘ಸಾಲ’, ಇನ್ನೊಮ್ಮೆ ಅಮ್ಮನ ಹೆಸರಿನ ಅರ್ಧ.
ಅಪ್ಪ ಬಲಗೈಯಲ್ಲಿ ಹೇಳಿದ:
ಅದನ್ನು ಓದಬೇಡ, ಅದು ನಾನಲ್ಲ.

ಡಾಕ್ಟರ್ ಇರಿಗೋಯೆನ್ ಚೀಟಿ ಬರೆದರು:
ಹ್ಯಾಲೊಪೆರಿಡಾಲ್, ರಾತ್ರಿ ಐದು ಹನಿ.
ಬಣ್ಣವಿಲ್ಲ, ವಾಸನೆಯಿಲ್ಲ. ಲೋಟದ ನೀರಿಗೆ
ಎಣಿಸಿ ಬಿಡುವಾಗ ನಡುಗಿದ್ದು ನನ್ನ ಕೈ.

ಒಂಬತ್ತನೇ ದಿನ ಅದು ತೊಡೆಯ ಮೇಲೆ ಮಲಗಿತು,
ಇಸ್ತ್ರಿ ಮಾಡಿಟ್ಟ ಅಂಗಿತೋಳಿನ ಹಾಗೆ.
ಮುಖವೂ ಮಲಗಿತು.
ಹುಬ್ಬು ಏಳದೆ ನಮ್ಮ ಭಾಷೆಯಲ್ಲಿ ಪ್ರಶ್ನೆಯೇ ಇಲ್ಲ;
‘ಬಂದೆಯಾ’ ಎಂಬುದು ಬರೀ ‘ಬಂದೆ’ ಆಯಿತು.

ಈಗ ಮೂರು ಹನಿ.
ಬೆರಳ ತುದಿ ಇನ್ನೂ ಮಿಡಿಯುತ್ತದೆ,
ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತೇನೆ.
ನಿನ್ನೆ ಸಂಜೆ, ಎರಡು ಹುಬ್ಬೂ ಏರಿಸಿ ಕೇಳಿದ:
ಊಟ ಆಯ್ತಾ?