ಹತ್ತಿರ ಕೂತ ಪದ

ಶಾಲೆಯ ವರದಿ ಹಾಳೆಯಲ್ಲಿ, ಗಣಿತಕ್ಕೂ ಹೊಲಿಗೆಗೂ ನಡುವೆ,
ಮಿಸ್ ಪೋಸ್ಟ್‌ಗೇಟ್ ನೀಲಿ ಶಾಯಿಯಲ್ಲಿ ಒಂದೇ ಪದ ಬರೆದರು:
ಅಸಿಡ್ಯುಅಸ್.
ಜಾಣೆ ಅಂತಿಲ್ಲ, ದಡ್ಡಿ ಅಂತಲೂ ಇಲ್ಲ.

ಹನ್ನೊಂದು ವರ್ಷದ ಥೆಲ್ಮಾ ಹೆಸ್ಸಲ್ ರಸ್ತೆಯುದ್ದಕ್ಕೂ
ಪೆಪ್ಪರ್‌ಮಿಂಟಿನಂತೆ ಅದನ್ನು ಬಾಯಲ್ಲಿ ಹೊರಳಿಸುತ್ತ ಬಂದಳು.
ಆಸಿಡ್ ಇದೆಯಲ್ಲೇ ಅದರೊಳಗೆ, ಅಂದ ತಮ್ಮ,
ಸುಡುತ್ತೆ, ಉಗಿ.

ಹಿತ್ತಿಲ ಬಾಗಿಲ ಕೊಕ್ಕೆಗೆ ಹುರಿ ಸಿಕ್ಕಿಸಿ
ಅಮ್ಮ ಬಲೆ ಹೆಣೆಯುತ್ತಿದ್ದಳು, ಕೈಯೆಲ್ಲ ಟಾರಿನ ವಾಸನೆ.
ಒಳ್ಳೆಯದೇ ಇರಬೇಕು ಬಿಡು, ಅಂದಳು ತಲೆಯೆತ್ತದೆ,
ಸೂಜಿಗಳಿಗೆ ಹುರಿ ತುಂಬು.

ಅಪ್ಪ ಹೋಗಿ ಆರು ದಿನ, ಐಸ್‌ಲ್ಯಾಂಡಿನಾಚೆ.
ಹೊರಟ ದಿನ ಅಮ್ಮ ಬಟ್ಟೆ ಒಗೆದಿರಲಿಲ್ಲ.
ಒಗೆದರೆ, ಕಡಲೂ ಗಂಡನನ್ನು ಒಗೆದುಬಿಡುತ್ತದಂತೆ.
ಕೈ ಬೀಸಿರಲಿಲ್ಲ.
ಬೀಸಿದರೆ, ತನ್ನನ್ನೇ ಕರೆದರೆಂದು ಅಲೆ ಏಳುತ್ತದಂತೆ.
ಎಲ್ಲ ಸರಿಯಾಗಿಯೇ ಮಾಡಿದ್ದಳು.

ಹನ್ನೆರಡನೆಯ ದಿನ ಹಡಗಿನ ರೇಡಿಯೋ ಸುಮ್ಮನಾಯಿತು.
ಹಗ್ಗಕ್ಕೆ, ಕಂಬಕ್ಕೆ, ಏಣಿಗೆ ಮಂಜು ಕಟ್ಟಿ ಕಟ್ಟಿ
ತಲೆಭಾರವಾಗಿ ಮಗುಚಿರಬೇಕೆಂದು
ಕಂಪನಿಯವನೊಬ್ಬ ಟೋಪಿ ತೆಗೆದು ಹೇಳಿ
ಟೋಪಿ ಹಾಕಿಕೊಂಡು ಹೋದ.

ಅಮ್ಮ ಕುರ್ಚಿಯನ್ನು ಕಿಟಕಿಗೆ ಎಳೆದಳು.
ಆ ಕಿಟಕಿಗೆ ಕಡಲು ಕಾಣುವುದಿಲ್ಲ.
ಎದುರು ಮನೆಯ ಇಟ್ಟಿಗೆ, ಮೀನು ಹೊಗೆಗಿಡುವವರ ಚಿಮಣಿ, ಅಷ್ಟೇ.
ಎರಡು ಚಳಿಗಾಲ ಅಲ್ಲೇ.
ಕೈಯಲ್ಲಿ ಖಾಲಿ ಸೂಜಿ, ಗಾಳಿಗೆ ಗಂಟು ಹಾಕುತ್ತ.
ಡಾಕ್ಟರು ಚೀಟಿಯಲ್ಲಿ ಇನ್ನೊಂದು ಪದ ಬರೆದರು:
ಅಬ್ಸೆಷನ್.
ಥೆಲ್ಮಾ ಅದನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು,
ವರದಿ ಹಾಳೆಯ ಮೇಲೆ.

ಐವತ್ತು ದಾಟಿದ ಮೇಲೆ, ಮೀನಿನ ಕಾರ್ಖಾನೆ ಮುಚ್ಚಿದ ವರ್ಷ,
ಗ್ರಂಥಾಲಯದ ಮಹಡಿಯಲ್ಲಿ ಗುರುವಾರ ಸಂಜೆಯ ಲ್ಯಾಟಿನ್.
ಏಳು ಜನ, ಒಂದು ಹೀಟರು.
ಸೆದೇರೆ ಅಂದರೆ ಕೂರುವುದು, ಅಂದರು ಮೇಷ್ಟ್ರು.
ಬಳಿ ಕೂತರೆ ಅಸಿಡ್ಯುಅಸ್:
ಕೆಲಸದ ಪಕ್ಕದಿಂದ ಏಳದವರ ಪದ.
ಎದುರು ಕೂತರೆ ಅಬ್ಸೆಷನ್. ಅದು ಮೊದಲು ದಂಡಿನ ಮಾತು,
ಕೋಟೆಯ ಹೊರಗೆ ಗುಡಾರ ಹೊಡೆದು ಕೂತವರದು.
ಮುತ್ತಿಗೆ.

ಥೆಲ್ಮಾ ಪೆನ್ಸಿಲು ಕೆಳಗಿಟ್ಟಳು.

ಹಾಗಾದರೆ ಅಮ್ಮ ಒಬ್ಬಳೇ,
ಮರದ ಸೂಜಿಯೊಂದನ್ನು ಹಿಡಿದು,
ಇಡೀ ಉತ್ತರದ ಕಡಲಿಗೆ ಮುತ್ತಿಗೆ ಹಾಕಿದ್ದಳು.
ಕೋಟೆಯೊಳಗಿದ್ದವನಿಗೆ ಹಸಿವಿರಲಿಲ್ಲ;
ಹಸಿದದ್ದು ಹೊರಗೆ ಕೂತವಳು.
ಕಡಲು ಶರಣಾಗಲಿಲ್ಲ.
ಬಾಗಿಲು ಒಂದು ಗೇಣು ತೆರೆದು
ಅವನ ಬೂಟೊಂದನ್ನಾದರೂ ಹೊರಗೆ ಎಸೆಯಲಿಲ್ಲ.

ನನ್ನ ನುಡಿಯಲ್ಲಿ, ಥೆಲ್ಮಾ, ಬಳಿ ಕೂರುವುದು ಉಪಾಸನೆ.
ಬಳಿ ಇರುವುದು ಉಪವಾಸ;
ತಟ್ಟೆ ಮುಟ್ಟದಿರುವುದು ಎಂಬ ಅರ್ಥ
ಆಮೇಲೆ ಬಂದು ಸೇರಿಕೊಂಡದ್ದು.
ದೇವರ ಎದುರೇ ಕೂತು ಬಳಿ ಕೂತೆವೆನ್ನುವ ಜನ ನಾವು.
ನಿನ್ನ ಅಮ್ಮ ಕೂತದ್ದು ಎಲ್ಲೆಂದು
ನಾನು ಹೇಗೆ ಹೇಳಲಿ?

ಆದರೆ ಆ ಕುರ್ಚಿಯ ಪಕ್ಕ ಒಂದು ಕಲ್ಲಿದ್ದಲ ಪೆಟ್ಟಿಗೆಯಿತ್ತು.
ಅದರ ಮುಚ್ಚಳದ ಮೇಲೆ, ಶಾಲೆ ಬಿಟ್ಟ ಹುಡುಗಿ,
ಬ್ರೆಡ್ಡನ್ನು ಹಾಲಲ್ಲಿ ಅದ್ದಿ, ಚಮಚ ಹಿಡಿದು,
ಒಂದು ತುತ್ತು, ಇನ್ನೊಂದು,
ಯಾರೂ ಕೇಳದ ಸೂಜಿಗಳಿಗೆ ಹುರಿ ತುಂಬುತ್ತ.

ಮುಂದಿನ ವಾರಕ್ಕೆ ಸ್ವಂತದ್ದೊಂದು ವಾಕ್ಯ
ಬರೆದು ತನ್ನಿ, ಅಂದಿದ್ದರು ಮೇಷ್ಟ್ರು.
ಉಳಿದವರು ಸೀಸರನ ಮೇಲೆ, ನಾಯಿಯ ಮೇಲೆ ಬರೆದರು.
ಥೆಲ್ಮಾ ಎರಡೇ ಪದ ಬರೆದಳು:
ಮಗಳು ಬಳಿ ಕೂತಿದ್ದಾಳೆ.

ಕೂತಿದ್ದಳು ಅನ್ನಬೇಕಿತ್ತೇನೋ.
ಭೂತಕಾಲದ ಪಾಠ ಇನ್ನೂ ಆಗಿರಲಿಲ್ಲ.