ಅರವತ್ತನಾಲ್ಕು

ಎಂಬತ್ತು ಕಿಲೋಮೀಟರಾ? ಬಸ್ಸಿಲ್ವಾ? ಎಂದ
ಕಡೂರಿನ ಹೋಟೆಲಿನವ.
ನಕ್ಕೆ. ಉತ್ತರ ನನ್ನಲ್ಲೂ ಇರಲಿಲ್ಲ.

ಸಖರಾಯಪಟ್ಟಣ ಮುಟ್ಟುವಾಗ
ಜೀರಿಗೆಯ ಕತ್ತಿನ ಬೆವರು ನೊರೆಗಟ್ಟಿ
ನನ್ನ ಮೊಣಕಾಲಿಗೂ ಮೆತ್ತಿತ್ತು.
ಡಾಕ್ಟರು ಕಿವಿಗೆ ನಳಿಗೆ ಸಿಕ್ಕಿಸಿ ಎಣಿಸಿದರು:
ಎಪ್ಪತ್ತೆರಡು.
ಅರವತ್ತನಾಲ್ಕಕ್ಕೆ ಇಳಿದರೆ ಮಾತ್ರ ಮುಂದೆ.

ಲಾಳದ ದಸ್ತಗೀರಣ್ಣ
ಬಕೆಟ್ಟುಗಟ್ಟಲೆ ನೀರು ಹೊಯ್ದ.
ಅರವತ್ತೆಂಟು.
ಅರವತ್ತೇಳು.
ಮತ್ತೆ ಅರವತ್ತೆಂಟು.

ಉಳಿದವರು ಒಬ್ಬೊಬ್ಬರೇ
ಅಯ್ಯನಕೆರೆ ಕಡೆಗೆ ಧೂಳಾದರು.
ನಾನು ಜೀನು ಬಿಚ್ಚಿದೆ.
ಅವಳ ಬೆನ್ನಲ್ಲಿ ನಾನು ಕೂತಷ್ಟು ಒದ್ದೆ.

ಮುಂದಿನ ವರ್ಷ ಬರ್ತೀಯಾ? ಕೇಳಿದ ದಸ್ತಗೀರಣ್ಣ.
ಅವಳು ನನ್ನ ಅಂಗಿಯ ಜೇಬಿನಲ್ಲಿ
ಮೂತಿ ತೂರಿಸಿ ಬೆಲ್ಲ ಹುಡುಕುತ್ತಿದ್ದಳು.
ಅದರ ಹಿಂದೆಯೇ
ಯಾರೂ ಎಣಿಸದ ಒಂದು
ಇನ್ನೂ ಓಡುತ್ತಿತ್ತು.