ಇನ್ನೂ ಸ್ವಲ್ಪ ಅಗಲ

ಇನ್ನೂ ಸ್ವಲ್ಪ ಅಗಲ, ಎನ್ನುತ್ತಾಳೆ.
ತೆರೆಯುತ್ತೇನೆ.
ಡುಲೂತ್ ಊರಿನ ಫೆಬ್ರವರಿ. ಕಿಟಕಿಯಾಚೆ ಸರೋವರ
ಕಣ್ಣು ಹಾಯುವವರೆಗೂ ಹೆಪ್ಪುಗಟ್ಟಿದೆ,
ಅದರ ಮೇಲೊಂದು ಪಿಕಪ್ ಟ್ರಕ್ಕು, ಬಾಗಿಲು ತೆಗೆದೇ ಇದೆ,
ಯಾರೋ ಮೀನಿಗಾಗಿ ಮಂಜಿನಲ್ಲಿ ತೂತು ಕೊರೆಯುತ್ತಿದ್ದಾರೆ.
ನನ್ನ ಬಾಯೊಳಗೂ ಅದೇ ಸದ್ದು.

ಎದೆಯ ಬಿಲ್ಲೆಯಲ್ಲಿ ಮಾರ್ನಿ ಎಂದಷ್ಟೇ ಇದೆ.
ಮಾಸ್ಕಿನ ಮೇಲೆ ಎರಡು ಕಣ್ಣು.
ಆ ಕಣ್ಣು ನನಗೆ ಗೊತ್ತು.
ಗುರುವಾರ ರಾತ್ರಿ ಎಂಟಕ್ಕೆ,
ಅಪ್ಪ ಅದಿರಿನ ಹಡಗುಕಟ್ಟೆಗೆ ಪಾಳಿಗೆ ಹೊರಡುವ ಮುನ್ನ
ನಾವು ಐವರು ಒಂದೇ ಸೋಫಾದಲ್ಲಿ ಒತ್ತಿಕೊಂಡು ಕಾಯುತ್ತಿದ್ದ ಕಣ್ಣು.
ಮುಂದಿನ ಹಲ್ಲಿಲ್ಲದ ಪೋರಿ, ಒಡೆದ ಹೂದಾನಿ,
ಸೊಂಟದ ಮೇಲೆ ಕೈ:
"ನಾನಲ್ಲ, ನಾಯಿ!"
ಅಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅಲ್ಲೇ.

ಕೇಳಬೇಕೆನ್ನಿಸುತ್ತದೆ. ಬಾಯಲ್ಲಿ ಕನ್ನಡಿ, ಕೊಕ್ಕೆ, ಜೊಲ್ಲು ಹೀರುವ ಕೊಳವೆ.
ಆಁ, ಎನ್ನುತ್ತೇನೆ.
ಗೊತ್ತು ಬಿಡಿ, ಎನ್ನುತ್ತಾಳೆ, ನಿಮ್ಮ ವಯಸ್ಸಿನವರೆಲ್ಲ
ಹೀಗೇ ಹುಬ್ಬೇರಿಸುತ್ತಾರೆ.
ಮತ್ತೆ ಕೆರೆಯುತ್ತ ಕೆರೆಯುತ್ತ ಹೇಳುತ್ತಾಳೆ.
ಉತ್ತರ ಬರಲಾರದ ಬಾಯಿಗೆ ಹೇಳುವುದು ಸುಲಭವೇನೋ.

ಹಲ್ಲು ಬಿದ್ದದ್ದು ಆರನೇ ಕಂತಿನ ತಾಲೀಮಿನಲ್ಲಿ, ಸೇಬು ಕಚ್ಚುವಾಗ.
ದಿಂಬಿನಡಿ ಇಟ್ಟುಕೊಳ್ಳೋಣ ಎಂದರೆ
ನಿರ್ಮಾಪಕ ಕರ್ಚೀಫಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.
ಕಿಂಡಿ ಜನಕ್ಕೆ ಹಿಡಿಸಿಬಿಟ್ಟಿತು. ಮೂಟೆಗಟ್ಟಲೆ ಕಾಗದ.
ಹೊಸ ಹಲ್ಲು ಬರಬಾರದಿತ್ತು; ಬಂತು.
ಆಮೇಲೆ ದಿನಾ ಬೆಳಿಗ್ಗೆ ಆರಕ್ಕೆ ಮೇಕಪ್ಪಿನ ಗ್ಲಾಡಿಸ್
ಕರಿ ಮೇಣ ಮೆತ್ತಿ ಅದನ್ನು ಅಳಿಸುತ್ತಿದ್ದಳು.
ಐದು ವರ್ಷ.
ನಾನು ಉದ್ದವಾದಂತೆ ಕುರ್ಚಿ, ಮೇಜು, ಬಾಗಿಲ ಹಿಡಿ ಎಲ್ಲ
ಒಂದೊಂದು ಸೈಜು ದೊಡ್ಡದು ಮಾಡಿಸಿದರು.
ನಾಯಿ ಮೂರು ಸಲ ಬದಲಾಯಿತು, ಹೆಸರು ಒಂದೇ.
ಎರಡನೆಯದು ಮಾತ್ರ ನನ್ನ ಮಡಿಲಲ್ಲಿ ಮಲಗುತ್ತಿತ್ತು.
ಉಗುಳಿ.

ಉಗುಳುತ್ತೇನೆ. ಗುಲಾಬಿ ನೀರು ಸುತ್ತಿ ಸುತ್ತಿ ಇಳಿಯುತ್ತದೆ.
ಒಂದು ಕ್ಷಣ ನನ್ನ ಬಾಯಿ ನನ್ನದು, ಆದರೂ
ಮಾತು ಹೊರಡುವುದಿಲ್ಲ.

ಹದಿನೆಂಟು ತುಂಬಿದ ದಿನ ಬ್ಯಾಂಕಿಗೆ ಹೋದಳಂತೆ,
ಒಳ್ಳೆಯ ಬೂಟು ಹಾಕಿಕೊಂಡು.
ಮ್ಯಾನೇಜರು ಪುಸ್ತಕ ಅವಳತ್ತ ತಿರುಗಿಸಿದ.
ನಾನೂರ ಹನ್ನೊಂದು ಡಾಲರು.
ಅಡುಗೆಮನೆಯಲ್ಲಿ ಕೇಳಿದಳು, ಎಲ್ಲಿ ಹೋಯಿತು?
ಅಪ್ಪ ಕಾಫಿ ಕಲಕುತ್ತಲೇ ಇದ್ದ, ಸಕ್ಕರೆ ಹಾಕದ ಕಾಫಿ.
ಅಮ್ಮ ಕಿಟಕಿಯಾಚೆ ದೋಣಿ ನೋಡಿದಳು,
ಟ್ರೇಲರಿನ ಮೇಲೇ ಇದ್ದ, ನೀರು ಮುಟ್ಟದ ದೋಣಿ.
ಅಲ್ಲೊಂದು ಸಾಲು ಬರಬೇಕಿತ್ತು ಅಲ್ವಾ, ಎನ್ನುತ್ತಾಳೆ,
ನಾನೇ ಹೇಳಿಕೊಟ್ಟೆ ಅವರಿಗೆ.
ನಗು ಎಂದಿನಂತೆ ಡಬ್ಬಿಯಿಂದ ಬರುತ್ತದೇನೋ ಎಂದು ಕಾದೆ.
ಫ್ರಿಜ್ಜು ಗೊರಗುಟ್ಟಿತು.

ಮುಂದಿನ ವರ್ಷಗಳನ್ನೆಲ್ಲ ಕೆಳದವಡೆಯಲ್ಲೇ ಮುಗಿಸುತ್ತಾಳೆ:
ಹಾಸಿಗೆ ಅಂಗಡಿಯ ಜಾಹೀರಾತು, ರೀನೋದಲ್ಲಿ ಒಬ್ಬ ಗಂಡ,
ಮಾಲುಗಳಲ್ಲಿ ರಿಬ್ಬನ್ ಕತ್ತರಿಸುವುದು,
ಕಿಂಡಿ ಎಲ್ಲಿ ಎಂದು ಮಗುವೊಂದು ಅತ್ತದ್ದು,
ಚಿಕ್ಕಮ್ಮನ ಊರಾದ ಇದು, ರಾತ್ರಿ ಕಾಲೇಜು, ಈ ಕುರ್ಚಿ.

ಕಳೆದ ವರ್ಷ ಹರಾಜಿಗೆ ಬಂತು ನನ್ನ ಹಲ್ಲು,
ವೆಲ್ವೆಟ್ ಡಬ್ಬಿಯಲ್ಲಿ, ಪ್ರಮಾಣಪತ್ರದ ಸಮೇತ.
ಆರುನೂರರವರೆಗೆ ಕೂಗಿದೆ.
ಒಹಾಯೋದವರು ಯಾರೋ ಏಳುನೂರಕ್ಕೆ ಹೊಡೆದುಕೊಂಡರು.
ಅತ್ತೆ, ಸುಳ್ಳೇಕೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ
ಬುಡದಲ್ಲಿ ಬೇರು ಹಾಗೇ ಇದೆ.
ತಾನಾಗಿ ಬಿದ್ದ ಹಾಲುಹಲ್ಲಿಗೆ ಬೇರು ಇರೋದಿಲ್ಲ,
ಕರಗಿಹೋಗಿರುತ್ತೆ.
ನನ್ನದಲ್ಲ ಅದು, ಎಂದು ನಿಲ್ಲಿಸುತ್ತಾಳೆ.

ಉಳಿದರ್ಧಕ್ಕೆ ಕಾಯುತ್ತೇನೆ, ಬಾಯಿ ತೆರೆದುಕೊಂಡೇ.
ಹೇಳುವುದಿಲ್ಲ.
ದೀಪ ಪಕ್ಕಕ್ಕೆ ಸರಿಸುತ್ತಾಳೆ. ಎಡಗಡೆ ಒಸಡು ರಕ್ತ ಬರ್ತಿದೆ,
ದಾರ ಹಾಕಿ ತಿಕ್ಕಿ, ದಿನಾ.
ಚೀಟಿಯಲ್ಲಿ ಮುಂದಿನ ತಾರೀಖು ಬರೆದು ಕೊಡುತ್ತಾಳೆ.
ಆಗಸ್ಟು. ಗುರುವಾರವೇ ಸಿಕ್ಕಿದೆ,
ಬೆಳಗಿನ ಎಂಟಕ್ಕೆ.